ಸಂಘ ಗಟ್ಟಿಯಾಗಿದ್ದರೂ ತಾತ್ಕಾಲಿಕರ ಸಂಖ್ಯೆ ಏರುವುದೇಕೆ? ಒಪ್ಪಂದದಲ್ಲಿ ಏನು ಬರೆದರೆ ಅದು ನಿಲ್ಲುತ್ತದೆ?

ಬೇಡಿಕೆಪಟ್ಟಿ:
ವೇತನ ಒಪ್ಪಂದದ ಮಾತುಕತೆಗೆ ಮುಂಚೆ ಸಂಘಗಳೊಳಗೆ ಎರಡು ವಾದ ಯಾವಾಗಲೂ ಎದುರುಬದುರಾಗುತ್ತವೆ. ಸಂಘ ಬಲವಾಗಿದ್ದರೆ ಮಾಲೀಕರು ಗುತ್ತಿಗೆಯವರನ್ನು, ಹಂಗಾಮಿಗಳನ್ನು ತರಲಾರರು ಎನ್ನುವುದು ಒಂದು. ಸಂಘ ಕಾಯಂ ಕಾರ್ಮಿಕರ ಸಂಬಳ ಏರಿಸಿದಷ್ಟೂ ಮಾಲೀಕರು ಹೊರಗಿನವರನ್ನು ಹೆಚ್ಚು ತರುತ್ತಾರೆ ಎನ್ನುವುದು ಇನ್ನೊಂದು. ಎರಡಕ್ಕೂ ಕಣ್ಣೆದುರೇ ಉದಾಹರಣೆಗಳಿವೆ. ಯಾವ ಪರಿಸ್ಥಿತಿಯಲ್ಲಿ ಯಾವುದು ನಡೆಯುತ್ತದೆ? ಒಪ್ಪಂದದ ಷರತ್ತನ್ನು ಹೇಗೆ ಬರೆಯಬೇಕು? "ಗುತ್ತಿಗೆ ಪದ್ಧತಿ ರದ್ದಾಗಲಿ" ಎಂಬ ಒಂದು ಸಾಲಿನ ಬೇಡಿಕೆ ಎಲ್ಲರಿಗೂ ಗೊತ್ತು. ಜಾರಿ ಮಾಡಿಸಿಕೊಳ್ಳಬಹುದಾದ ಮಾತು ಬೇಕು.

ಲೆಕ್ಕದ ಪುಸ್ತಕ:
ಎರಡೂ ನಿಜ. ಯಾವುದು ಗೆಲ್ಲುತ್ತದೆ ಎನ್ನುವುದನ್ನು ಕಾಯಂ ಮತ್ತು ತಾತ್ಕಾಲಿಕರ ನಡುವಿನ ಒಟ್ಟು ಖರ್ಚಿನ ಅಂತರ ತೀರ್ಮಾನಿಸುತ್ತದೆ. ತಿಳಿಯುವುದಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ. ಇವು ಲೆಕ್ಕದ ಉದಾಹರಣೆ ಮಾತ್ರ.

ಕಾಯಂ ಕಾರ್ಮಿಕನ ವೇತನ 100. ಭವಿಷ್ಯನಿಧಿ, ರಜೆ, ವಿಮೆ, ಬೋನಸ್ ಎಲ್ಲ ಸೇರಿ ಇನ್ನು 35. ಕಂಪನಿಗೆ ಬೀಳುವ ಖರ್ಚು 135. ಏಜೆನ್ಸಿ ಕಾರ್ಮಿಕನ, ಅಂದರೆ ಗುತ್ತಿಗೆದಾರ ಸಂಸ್ಥೆ ಕಳಿಸುವವನ, ವೇತನ 60, ಕಾನೂನಿನ ಪ್ರಕಾರ ಕಟ್ಟಬೇಕಾದದ್ದು 12, ಗುತ್ತಿಗೆದಾರನ ಕಮಿಷನ್ 8. ಒಟ್ಟು 80. ಅಂತರ 55.

ಸಂಘ ಕಾಯಂನವರಿಗೆ ಶೇ 10 ಏರಿಕೆ ತಂದಿತು, ತಾತ್ಕಾಲಿಕರ ವಿಷಯ ಎತ್ತಲೇ ಇಲ್ಲ ಎಂದುಕೊಳ್ಳಿ. ಕಾಯಂ ಖರ್ಚು 148.5 ಆಯಿತು, ಅಂತರ 68.5ಕ್ಕೆ ಹೋಯಿತು. ಅಂದರೆ ಆ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಮುಂದಿನ ನಿವೃತ್ತಿಯಿಂದ ಖಾಲಿಯಾಗುವ ಜಾಗಕ್ಕೆ ಹೊರಗಿನವನನ್ನು ತರಲು ಮಾಲೀಕನಿಗೆ ಮೊದಲಿಗಿಂತ ಹೆಚ್ಚು ಕಾರಣ ಸಿಕ್ಕಿತು. ಅದೇ ಒಪ್ಪಂದದಲ್ಲಿ ತಾತ್ಕಾಲಿಕರ ವೇತನವೂ 90ಕ್ಕೆ ಏರಿದ್ದರೆ ಅವರ ಖರ್ಚು ಸುಮಾರು 120, ಅಂತರ 28.5. ಪದೇ ಪದೇ ಹೊಸಬರಿಗೆ ತರಬೇತಿ, ಮೊದಲ ವಾರಗಳ ಕಡಿಮೆ ಉತ್ಪಾದನೆ, ತಿರಸ್ಕೃತ ಮಾಲು, ಅಪಘಾತ ಇವೆಲ್ಲ ಸೇರಿಸಿದರೆ ಆ ಅಂತರ ಬಹುಪಾಲು ಕರಗುತ್ತದೆ. ಆಮೇಲೂ ತಾತ್ಕಾಲಿಕರನ್ನು ಇಟ್ಟುಕೊಂಡರೆ ನಿಜವಾಗಿ ಕೆಲಸದ ಏರಿಳಿತ ಇದೆ ಎಂದೇ ಅರ್ಥ.

ಹಾಗಾಗಿ ಸಂಖ್ಯೆಗೆ ಮಿತಿ ಹಾಕುವ ಮೊದಲು ಅಂತರ ನೋಡಿ. ಅಂತರ ಹಾಗೇ ಉಳಿದರೆ ಯಾವ ಮಿತಿಯನ್ನೂ ದಾಟುವ ದಾರಿ ಹುಡುಕುವುದು ಕಂಪನಿಗೆ ಲಾಭದ ಕೆಲಸವಾಗುತ್ತದೆ.

ಪಾಳಿಮೇಸ್ತ್ರಿ:
ಲೆಕ್ಕ ಸರಿಯಾಗಿದೆ ಸರ್, ಆದರೆ ಸಂಘದ ಒಳಗಿನ ಲೆಕ್ಕವನ್ನೂ ಹೇಳಬೇಕು. ಆರ್ಡರ್ ಕುಸಿದಾಗ ಮೊದಲು ಹೊರಗೆ ಹೋಗುವವರು ತಾತ್ಕಾಲಿಕರು. ಅವರು ಶೇ 20 ಇದ್ದರೆ ಉತ್ಪಾದನೆ ಶೇ 20 ಇಳಿಯುವವರೆಗೂ ಕಾಯಂ ಸದಸ್ಯನ ಕೆಲಸಕ್ಕೆ ಕುತ್ತಿಲ್ಲ. ಸಂಘದ ಚುನಾವಣೆಯಲ್ಲಿ ಮತ ಹಾಕುವವರು ಕಾಯಂ ಸದಸ್ಯರು ಮಾತ್ರ. ಆದ್ದರಿಂದ ಪದಾಧಿಕಾರಿಗಳು "ಅವರು ಇರಲಿ ಬಿಡಿ" ಎಂದು ಸುಮ್ಮನಿರುವುದು ದ್ರೋಹದಿಂದಲೇ ಆಗಬೇಕಿಲ್ಲ, ತಮಗೆ ಮತ ಹಾಕಿದವರ ಹಿತವನ್ನೇ ನೋಡಿದರೂ ಅಲ್ಲಿಗೇ ಬರುತ್ತದೆ. ಅಸ್ಸಾರ್ ಲಿಂಡ್‌ಬೆಕ್ ಮತ್ತು ಡೆನ್ನಿಸ್ ಸ್ನೋವರ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಒಳಗಿನವರು–ಹೊರಗಿನವರು ಎಂಬ ಸಿದ್ಧಾಂತವಾಗಿ ಬೆಳೆಸಿದ್ದು ಈ ಬಗೆಯ ಸನ್ನಿವೇಶವನ್ನೇ.

ಆದರೆ ಈ ರಕ್ಷಣೆಗೆ ಆಯುಷ್ಯ ಕಡಿಮೆ. ಪ್ರತಿ ನಿವೃತ್ತಿಗೂ ಒಬ್ಬ ಸದಸ್ಯ ಕಡಿಮೆಯಾಗುತ್ತಾನೆ, ಆ ಜಾಗಕ್ಕೆ ಸದಸ್ಯನಲ್ಲದವನು ಬರುತ್ತಾನೆ. ಸಾಲಿನಲ್ಲಿ ನಿಂತವರ ಪೈಕಿ ಶೇ 40 ಮಂದಿ ಸಂಘದ ಹೊರಗಿದ್ದರೆ, ಮುಷ್ಕರದ ದಿನ ಸೂಪರ್‌ವೈಸರ್‌ಗಳು, ಟ್ರೈನಿಗಳು ಮತ್ತು ಇವರನ್ನು ಸೇರಿಸಿ ಒಂದು ಪಾಳಿಯಾದರೂ ಓಡುತ್ತದೆ. ಸದಸ್ಯರ ಪಟ್ಟಿ ಇನ್ನೂ ಉದ್ದ ಇದ್ದರೂ ಮಾತುಕತೆಯ ಮೇಜಿನ ಮೇಲಿನ ಬಲ ಅರ್ಧಕ್ಕರ್ಧ ಹೋಗಿರುತ್ತದೆ.

ಸಿಬ್ಬಂದಿ ವಿಭಾಗ:
ಕಂಪನಿಯ ಕಡೆಯ ಮಾತು ಹೇಳುತ್ತೇನೆ. ಎಲ್ಲದಕ್ಕೂ ವೇತನದ ಅಂತರ ಕಾರಣ ಎಂದುಕೊಂಡರೆ ಷರತ್ತು ತಪ್ಪಾಗಿ ಬರೆಯುತ್ತೀರಿ. ತಾತ್ಕಾಲಿಕರನ್ನು ತರಲು ಬೇರೆ ಬೇರೆ ಕಾರಣಗಳಿವೆ, ಒಂದೊಂದಕ್ಕೂ ಮದ್ದು ಬೇರೆ.

ಗೈರುಹಾಜರಿ ತುಂಬುವುದು: ಇದಕ್ಕೆ ಸ್ವಂತ ಬದಲಿ ಪಟ್ಟಿ ಸಾಕು. ಶೇ 8 ಗೈರು ಸರಾಸರಿ ಇರುವ ವಿಭಾಗದಲ್ಲಿ 100 ಜಾಗಕ್ಕೆ 108–109 ಕಾಯಂ ಜನ ಇದ್ದರೆ ಹೊರಗಿನವರ ಅಗತ್ಯವೇ ಬೀಳುವುದಿಲ್ಲ.

ಋತುಮಾನದ ಏರಿಳಿತ: ಇಲ್ಲಿ ಸಂಘದ ಹಟವೇ ಕೆಲವೊಮ್ಮೆ ತಾತ್ಕಾಲಿಕರನ್ನು ಕರೆತರುತ್ತದೆ. ವಿಭಾಗದಿಂದ ವಿಭಾಗಕ್ಕೆ ವರ್ಗ ಇಲ್ಲ, ಪಾಳಿ ಬದಲಾವಣೆ ಇಲ್ಲ, ಒಬ್ಬನಿಗೆ ಒಂದೇ ಯಂತ್ರ ಎಂದು ಬಿಗಿ ಹಿಡಿದರೆ ಕಂಪನಿಗೆ ಉಳಿಯುವ ಸಡಿಲು ಹೊರಗಿನವರು ಮಾತ್ರ. ವಾರ್ಷಿಕ ಗಂಟೆಗಳ ಖಾತೆ ಒಪ್ಪಿಕೊಂಡರೆ, ಅಂದರೆ ಬಿಡುವಿಲ್ಲದ ತಿಂಗಳಲ್ಲಿ ವಾರಕ್ಕೆ ಕೆಲವು ಗಂಟೆ ಹೆಚ್ಚು ದುಡಿದು ಸಡಿಲು ತಿಂಗಳಲ್ಲಿ ಅಷ್ಟೇ ರಜೆ ಪಡೆಯುವ ಪದ್ಧತಿ ಇದ್ದರೆ, ಏರಿಳಿತದ ದೊಡ್ಡ ಪಾಲು ಒಳಗೇ ತೀರುತ್ತದೆ.

ಮೂರನೆಯದು ಪರೀಕ್ಷೆ. ಕಾಯಂ ಮಾಡುವ ಮುಂಚೆ ಒಂದು ವರ್ಷ ನೋಡೋಣ ಎಂಬ ಲೆಕ್ಕ. ಇದಕ್ಕೆ ಸರಿಯಾದ ಪ್ರೊಬೆಷನ್ ಅವಧಿಯೇ ಉತ್ತರ.

ನಾಲ್ಕನೆಯದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಸಂಘ ಬೆಳೆಯದಂತೆ ನೋಡಿಕೊಳ್ಳುವುದು. ಅದಕ್ಕೆ ಮೇಲಿನ ಯಾವ ಮದ್ದೂ ತಾಗುವುದಿಲ್ಲ.

ಒಪ್ಪಂದ ಓದುಗ:
ಅಂತರ ಮುಚ್ಚುವ ಕೆಲಸ ನಿಜವಾಗಿ ಹೇಗೆ ನಡೆಯಿತು ಎನ್ನಲು ಜರ್ಮನಿ ಒಳ್ಳೆಯ ಉದಾಹರಣೆ. ಮೊದಲಿನ ಅವಸ್ಥೆಯೂ ಅಲ್ಲಿಂದಲೇ ಕಲಿಯುವಂಥದ್ದು.

2003ರ ಸುಧಾರಣೆಯಲ್ಲಿ ಏಜೆನ್ಸಿ ಕಾರ್ಮಿಕರಿಗೆ ಸಮಾನ ವೇತನ ಎಂಬ ತತ್ವ ಬಂತು. ಜೊತೆಗೇ, ಸಾಮೂಹಿಕ ಒಪ್ಪಂದ ಇದ್ದರೆ ಅದಕ್ಕಿಂತ ಕಡಿಮೆ ಕೊಡಬಹುದು ಎಂಬ ಬಾಗಿಲೂ ತೆರೆಯಿತು. ಸಿಜಿಝಡ್‌ಪಿ ಎಂಬ, ಸದಸ್ಯಬಲವೇ ಇಲ್ಲದ ಕ್ರೈಸ್ತ ಸಂಘಗಳ ಒಕ್ಕೂಟ ತೀರಾ ಕಡಿಮೆ ದರಕ್ಕೆ ಒಪ್ಪಂದ ಬರೆದುಕೊಟ್ಟಿತು. 2010ರ ಡಿಸೆಂಬರ್ 14ರಂದು ಫೆಡರಲ್ ಕಾರ್ಮಿಕ ನ್ಯಾಯಾಲಯ ಆ ಒಕ್ಕೂಟಕ್ಕೆ ಒಪ್ಪಂದ ಮಾಡಿಕೊಳ್ಳುವ ಅರ್ಹತೆಯೇ ಇಲ್ಲ ಎಂದಿತು. ಅಷ್ಟರಲ್ಲಿ ವರ್ಷಗಳೇ ಉರುಳಿದ್ದವು. ಸಂಘ ಎಂಬ ಹೆಸರು ಇದ್ದ ಮಾತ್ರಕ್ಕೆ ಸಂಘದ ಪ್ರಭಾವ ಕಾರ್ಮಿಕನ ಪರವಾಗಿರುತ್ತದೆ ಎಂದು ಎಣಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಆಮೇಲೆ ಲೋಹೋದ್ಯಮದ ದೊಡ್ಡ ಸಂಘ ಐಜಿ ಮೆಟಾಲ್ ಹಾದಿ ಬದಲಿಸಿತು. 2012ರ ನವೆಂಬರ್‌ನಿಂದ ಲೋಹ ಮತ್ತು ವಿದ್ಯುತ್ ಉಪಕರಣ ಉದ್ಯಮದಲ್ಲಿ ಏಜೆನ್ಸಿ ಕಾರ್ಮಿಕರಿಗೆ ಹಂತ ಹಂತದ ಹೆಚ್ಚುವರಿ: ಒಂದೇ ಕಂಪನಿಯಲ್ಲಿ ಆರು ವಾರ ಮುಗಿದ ಮೇಲೆ ಶೇ 15, ಮೂರು ತಿಂಗಳ ಮೇಲೆ 20, ಐದರ ಮೇಲೆ 30, ಏಳರ ಮೇಲೆ 45, ಒಂಬತ್ತರ ಮೇಲೆ 50. ಅಲ್ಪಾವಧಿಯ ಅಗತ್ಯಕ್ಕೆ ತಂದರೆ ಕಂಪನಿಗೆ ಹೊರೆ ಕಡಿಮೆ. ಕಾಯಂ ಕೆಲಸಕ್ಕೆ ತಾತ್ಕಾಲಿಕನನ್ನು ಕೂರಿಸಿಟ್ಟರೆ ತಿಂಗಳು ತಿಂಗಳಿಗೂ ದುಬಾರಿ. ಅದೇ ವರ್ಷದ ಉದ್ಯಮ ಒಪ್ಪಂದದಲ್ಲಿ, ಕಾರ್ಖಾನೆ ಮಟ್ಟದಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ 18 ತಿಂಗಳಿಗೆ ಕಾಯಂ ಮಾಡುವುದರ ಪರಿಶೀಲನೆ, 24 ತಿಂಗಳಿಗೆ ಕಾಯಂ ನೇಮಕದ ಪ್ರಸ್ತಾಪ ಎಂದೂ ಬರೆಯಲಾಯಿತು.

ಕಾನೂನು ಹಿಂದಿನಿಂದ ಬಂತು: 2017ರ ಏಪ್ರಿಲ್‌ನಿಂದ ಗರಿಷ್ಠ 18 ತಿಂಗಳು, ಒಂಬತ್ತು ತಿಂಗಳ ಮೇಲೆ ಸಮಾನ ವೇತನ, ಮುಷ್ಕರ ಮುರಿಯಲು ಏಜೆನ್ಸಿಯವರನ್ನು ಬಳಸುವುದಕ್ಕೆ ನಿಷೇಧ. ಮೊದಲೆರಡನ್ನು ಸಾಮೂಹಿಕ ಒಪ್ಪಂದದ ಮೂಲಕ ಬದಲಿಸಲು ಈಗಲೂ ಅವಕಾಶ ಇದೆ, ಹಾಗಾಗಿ ಕೀಲಿ ಸಂಘದ ಕೈಯಲ್ಲೇ ಇದೆ.

ಲೆಕ್ಕದ ಪುಸ್ತಕ:
ಆ ಏರುವ ದರದಲ್ಲಿ ಒಂದು ತೂತು ಇದೆ. ಒಂಬತ್ತನೇ ತಿಂಗಳ ಹೊಸ್ತಿಲಲ್ಲಿ ಮನುಷ್ಯನನ್ನೇ ಬದಲಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಕೆಲಸ ಕಲಿಯಲು ಎರಡು ದಿನ ಸಾಕಾಗುವ ಪ್ಯಾಕಿಂಗ್‌ನಂಥ ಕಡೆ ಇದು ನಡೆದೇ ನಡೆಯುತ್ತದೆ. ಕಲಿಯಲು ಮೂರು ತಿಂಗಳು ಬೇಕಾಗುವ ವೆಲ್ಡಿಂಗ್‌ನಲ್ಲಿ ಕಂಪನಿಗೇ ನಷ್ಟ, ಅಲ್ಲಿ ಏರುವ ದರ ಚೆನ್ನಾಗಿ ಕೆಲಸ ಮಾಡುತ್ತದೆ. ಕೌಶಲ ಕಡಿಮೆ ಬೇಕಾದ ವಿಭಾಗಕ್ಕೆ ಮೊದಲ ದಿನದಿಂದಲೇ ಸಮಾನ ದರ ಕೇಳಬೇಕು.

ಕರಡು ತಿದ್ದುವವರು:
ಈಗ ಷರತ್ತುಗಳಿಗೆ ಬರೋಣ. ಎಷ್ಟೋ ಒಪ್ಪಂದಗಳಲ್ಲಿ "ತಾತ್ಕಾಲಿಕರ ಸಂಖ್ಯೆ ಶೇ 15 ಮೀರಬಾರದು" ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲಿ ನಾಲ್ಕು ಜಗಳ ಅಡಗಿವೆ.

ಯಾವುದರ ಶೇ 15? 160 ಕಾಯಂ ನೌಕರರಿದ್ದು ಅವರಲ್ಲಿ 60 ಮಂದಿ ಕಚೇರಿಯವರು ಎಂದಿಟ್ಟುಕೊಳ್ಳಿ. ಕಂಪನಿ 160ರ ಶೇ 15, ಅಂದರೆ 24 ಜನರನ್ನು ತಂದು 40 ಕಾಯಂ ಕಾರ್ಮಿಕರಿರುವ ಅಸೆಂಬ್ಲಿ ವಿಭಾಗದಲ್ಲಿ ನಿಲ್ಲಿಸಿದರೆ ಅಲ್ಲಿ 64ರಲ್ಲಿ 24, ಶೇ 37.5 ತಾತ್ಕಾಲಿಕರು. ಒಪ್ಪಂದ ಮುರಿದಿಲ್ಲ! ಆದ್ದರಿಂದ ಮಿತಿಯನ್ನು ವಿಭಾಗವಾರು ಬರೆಯಿರಿ. ಛೇದದಲ್ಲಿ ಆ ವಿಭಾಗದ ಕಾಯಂ ಉತ್ಪಾದನಾ ಕಾರ್ಮಿಕರು ಮಾತ್ರ ಎಂದು ಸ್ಪಷ್ಟವಾಗಿ ಹೇಳಿ.

ಯಾವಾಗ ಎಣಿಸುವುದು? "ವಾರ್ಷಿಕ ಸರಾಸರಿ" ಎಂದರೆ ಆರು ತಿಂಗಳು ಶೇ 30, ಆರು ತಿಂಗಳು ಸೊನ್ನೆ ಇಟ್ಟರೂ ಸರಿಯಾಗುತ್ತದೆ. "ಮಾರ್ಚ್ 31ರಂದು" ಎಂದರೆ ಆ ದಿನಕ್ಕೆ ಮಾತ್ರ ಜನ ಕಡಿಮೆಯಾಗುತ್ತಾರೆ. ತಿಂಗಳ ಸರಾಸರಿ ಎನ್ನಿ, ಜೊತೆಗೆ ಯಾವ ದಿನವೂ ಮೀರಬಾರದ ಮೇಲ್ಮಿತಿ ಒಂದನ್ನು ಇಡಿ.

ಏನನ್ನು ಎಣಿಸುವುದು? ತಲೆ ಎಣಿಸಿದರೆ 12 ಗಂಟೆ ದುಡಿಯುವ ಒಬ್ಬ ಒಂದೇ ಲೆಕ್ಕ. ದುಡಿದ ಗಂಟೆಗಳ ಲೆಕ್ಕ ತೆಗೆದುಕೊಳ್ಳಿ: ತಾತ್ಕಾಲಿಕರು ದುಡಿದ ಒಟ್ಟು ಗಂಟೆಗಳನ್ನು ವಿಭಾಗದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಓಟಿಯ (ಹೆಚ್ಚುವರಿ ಗಂಟೆಗಳ ದುಡಿಮೆಯ) ಆಟವೂ ಅದರಲ್ಲೇ ಸಿಕ್ಕಿಬೀಳುತ್ತದೆ. ಆದರೆ ಎಚ್ಚರ, ಈ ಭಾಗಾಕಾರದಲ್ಲಿ ಛೇದಕ್ಕೆ ತಾತ್ಕಾಲಿಕರೂ ಸೇರುತ್ತಾರೆ. 100 ಕಾಯಂಗೆ 15 ತಾತ್ಕಾಲಿಕರೆಂದರೆ ಒಟ್ಟಿನಲ್ಲಿ ಶೇ 13. ಯಾವ ಛೇದ ಎಂದು ನಿರ್ಧರಿಸಿ ಅದಕ್ಕೆ ತಕ್ಕ ಅಂಕಿ ಹಾಕಿ, ಎರಡನ್ನೂ ಬೆರೆಸಬೇಡಿ.

ಇನ್ನು, ತಾತ್ಕಾಲಿಕ ಎಂದರೆ ಯಾರು? ಏಜೆನ್ಸಿಯವರು, ನಿಗದಿತ ಅವಧಿಯವರು, ದಿನಗೂಲಿಯವರು, ಟ್ರೈನಿಗಳು, ಅಪ್ರೆಂಟಿಸ್‌ಗಳು, ಹೊರಗುತ್ತಿಗೆ ಸಂಸ್ಥೆಯ ಜನ ಯಾರಾದರೂ ಸರಿ, ಕಾರ್ಖಾನೆಯ ಆವರಣದೊಳಗೆ ಉತ್ಪಾದನೆ ಅಥವಾ ಅದಕ್ಕೆ ನೇರ ಸಂಬಂಧಿಸಿದ ಕೆಲಸ ಮಾಡುವ, ಕಾಯಂ ಅಲ್ಲದ ಪ್ರತಿಯೊಬ್ಬರೂ ಎಂದು ಬರೆಯಬೇಕು. ಒಂದು ಬಗೆಯ ಹೆಸರು ಬಿಟ್ಟರೆ ಮುಂದಿನ ವರ್ಷ ಎಲ್ಲರೂ ಆ ಹೆಸರಿಗೇ ಬದಲಾಗಿರುತ್ತಾರೆ.

ಪಾಳಿಮೇಸ್ತ್ರಿ:
ಕೊನೆಯ ಮಾತಿಗೆ ಸೇರಿಸುವುದು: ಜರ್ಮನಿಯ ಮಾಂಸ ಉದ್ಯಮದಲ್ಲಿ ಕಸಾಯಿ ಕೆಲಸವನ್ನೇ ಉಪಗುತ್ತಿಗೆ ಸಂಸ್ಥೆಗಳಿಗೆ ಕೊಡುವುದು ಎಷ್ಟು ಬೇರೂರಿತ್ತೆಂದರೆ, ಆಹಾರ ಉದ್ಯಮದ ಎನ್‌ಜಿಜಿ ಸಂಘ ವರ್ಷಗಟ್ಟಲೆ ಒತ್ತಾಯಿಸಿದರೂ ಬದಲಾಗಲಿಲ್ಲ. ಕೋವಿಡ್ ಸಮಯದಲ್ಲಿ ಆ ಕಾರ್ಖಾನೆಗಳಲ್ಲಿ ಸೋಂಕು ಹರಡಿದ ಮೇಲೆ ಕಾನೂನು ಬಂತು. ಪ್ರಮುಖ ಕೆಲಸಗಳಿಗೆ 2021ರ ಜನವರಿಯಿಂದ ಉಪಗುತ್ತಿಗೆ ನಿಷೇಧ, ಅದೇ ಏಪ್ರಿಲ್‌ನಿಂದ ಏಜೆನ್ಸಿ ಕಾರ್ಮಿಕರ ಬಳಕೆಗೂ ನಿಷೇಧ. ಒಂದನ್ನು ಮಾತ್ರ ಮುಚ್ಚಿದ್ದರೆ ಜನ ಇನ್ನೊಂದಕ್ಕೆ ಸರಿದುಬಿಡುತ್ತಿದ್ದರು, ಅದಕ್ಕೇ ಎರಡನ್ನೂ ಒಟ್ಟಿಗೆ ಹಿಡಿದರು. ಸಂಸ್ಕರಣೆಗೆ ಮಾತ್ರ 2024ರ ಮಾರ್ಚ್‌ವರೆಗೆ ಒಂದು ಸಣ್ಣ ವಿನಾಯಿತಿ ಇತ್ತು, ಅದನ್ನು ಬಳಸಲು ಸಾಮೂಹಿಕ ಒಪ್ಪಂದ ಕಡ್ಡಾಯ.

ಭಾರತದಲ್ಲಿ ಆ ಸರಿದಾಟ ಅಪ್ರೆಂಟಿಸ್ ಕಡೆಗೆ. 1961ರ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿಯಲ್ಲಿರುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳ ಹೆಚ್ಚಿನ ಭಾಗ ಅವನಿಗೆ ಅನ್ವಯಿಸುವುದಿಲ್ಲ. ಗುತ್ತಿಗೆಯವರ ಮೇಲೆ ಬಿಗಿ ಮಾಡಿ ಅಪ್ರೆಂಟಿಸ್ ಸಂಖ್ಯೆ ಬಿಟ್ಟರೆ ರಾತ್ರಿಪಾಳಿಯಲ್ಲಿ ಉತ್ಪಾದನಾ ಗುರಿ ಹೊತ್ತು ನಿಂತವನು ಅವನೇ ಆಗಿರುತ್ತಾನೆ. "ಉತ್ಪಾದನಾ ಗುರಿಗೆ ಅಪ್ರೆಂಟಿಸ್ ಎಣಿಕೆಯಿಲ್ಲ" ಎಂದು ಒಂದು ಸಾಲು ಸೇರಿಸಿ.

ಬೇಡಿಕೆಪಟ್ಟಿ:
ಕರಡು ತಿದ್ದುವವರೇ, ಕಾಯಂ ಮಾಡುವ ಷರತ್ತು? "ಎರಡು ವರ್ಷ ಮುಗಿಸಿದವರನ್ನು ಕಾಯಂ ಮಾಡತಕ್ಕದ್ದು" ಸಾಕೇ?

ಕರಡು ತಿದ್ದುವವರು:
ಸಾಲದು. ಅದು ವ್ಯಕ್ತಿಗೆ ಕಟ್ಟಿದ ಷರತ್ತು. ಅದೊಂದೇ ಇದ್ದರೆ 23ನೇ ತಿಂಗಳಲ್ಲಿ ಜನ ಹೊರಗೆ ಹೋಗುತ್ತಾರೆ, ಅಂದರೆ ಷರತ್ತು ಯಾರಿಗಾಗಿ ಬರೆದದ್ದೋ ಅವರ ಕೆಲಸವನ್ನೇ ಕಳೆಯುತ್ತದೆ. ಜಪಾನಿನಲ್ಲಿ 2013ರಿಂದ ಐದು ವರ್ಷ ಮೀರಿದವರು ಕೇಳಿದರೆ ಅವಧಿಯಿಲ್ಲದ ಒಪ್ಪಂದ ಕೊಡಬೇಕೆಂಬ ನಿಯಮ ಬಂದಾಗಲೂ, ಐದು ವರ್ಷ ತುಂಬುವ ಮುಂಚೆಯೇ ಒಪ್ಪಂದ ನವೀಕರಿಸದೆ ಬಿಡುವುದೇ ದೊಡ್ಡ ವಿವಾದವಾಯಿತು.

ಪಕ್ಕದಲ್ಲಿ ಹುದ್ದೆಗೆ ಕಟ್ಟಿದ ಷರತ್ತು ಬೇಕು. "ಯಾವುದೇ ಜಾಗವನ್ನು ಸತತ 18 ತಿಂಗಳಲ್ಲಿ ಒಟ್ಟು 12 ತಿಂಗಳು ತಾತ್ಕಾಲಿಕರಿಂದ, ಅವರು ಒಬ್ಬರೇ ಆಗಿರಲಿ ಹಲವರಾಗಿರಲಿ, ನಡೆಸಿದ್ದರೆ ಅದು ಕಾಯಂ ಹುದ್ದೆ. 30 ದಿನದಲ್ಲಿ ಅದನ್ನು ಪ್ರಕಟಿಸಿ, ಆ ಜಾಗದಲ್ಲಿ ಹೆಚ್ಚು ದಿನ ದುಡಿದವರಿಗೆ ಮೊದಲ ಅವಕಾಶ ಕೊಡಬೇಕು." ಹೀಗೆ ಬರೆದರೆ ಜನರನ್ನು ಬದಲಿಸುವುದರಿಂದ ಲಾಭವಿಲ್ಲ. ಆದರೆ ಜಾಗಗಳಿಗೆ ಸಂಖ್ಯೆ ಕೊಟ್ಟಿರಬೇಕು, ಇಲ್ಲವಾದರೆ "ಅದು ಬೇರೆ ಜಾಗ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಪ್ಪಂದಕ್ಕೆ ವಿಭಾಗದ ನಕ್ಷೆಯನ್ನೇ ಅನುಬಂಧವಾಗಿ ಲಗತ್ತಿಸುವುದು ಒಳ್ಳೆಯದು.

ನಡುವಿನ ಬ್ರೇಕ್ ಮರೆಯಬೇಡಿ. ಗ್ರೀಸ್‌ನಲ್ಲಿ ಎರಡು ಒಪ್ಪಂದಗಳ ನಡುವೆ 20 ಕೆಲಸದ ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅವು ಸತತ ಅಲ್ಲ ಎಂಬ ನಿಯಮ ಇತ್ತು. ಹಾಗಿದ್ದರೆ ವರ್ಷಗಟ್ಟಲೆ ಜನರನ್ನು ತಾತ್ಕಾಲಿಕವಾಗಿಯೇ ಇಡಬಹುದು ಎಂದು ಯುರೋಪಿನ ನ್ಯಾಯಾಲಯ 2006ರ ಜುಲೈನಲ್ಲಿ ಅಡೆನೆಲರ್ ಪ್ರಕರಣದಲ್ಲಿ ಅದನ್ನು ಒಪ್ಪಲಿಲ್ಲ. ನಿಮ್ಮ ಕರಡಿನಲ್ಲಿ "ಆರು ತಿಂಗಳಿಗಿಂತ ಕಡಿಮೆ ಬ್ರೇಕ್ ಎಣಿಕೆಯನ್ನು ಮುರಿಯುವುದಿಲ್ಲ, ಗುತ್ತಿಗೆದಾರ ಬದಲಾದರೂ ಎಣಿಕೆ ಮುಂದುವರಿಯುತ್ತದೆ" ಎಂದಿರಲಿ. ಎರಡನೇ ಅರ್ಧ ಮುಖ್ಯ. ಗುತ್ತಿಗೆದಾರನ ಬೋರ್ಡು ಬದಲಾಗಿ ಅದೇ ಜನ ಅದೇ ಯಂತ್ರಕ್ಕೆ ಮರಳುವುದು ಮಾಮೂಲು.

ಒಪ್ಪಂದ ಓದುಗ:
ಅವಧಿಯ ವಿಷಯದಲ್ಲಿ ಸಂಘದ ಒತ್ತಡ ಎಷ್ಟು ಬದಲಾವಣೆ ತರಬಲ್ಲದು ಎನ್ನಲು ಅಮೆರಿಕದ ವಾಹನ ಕಾರ್ಮಿಕರ ಸಂಘ ಯುಎಡಬ್ಲ್ಯು ಮಾಡಿಕೊಂಡ ಒಪ್ಪಂದಗಳನ್ನು ಹೋಲಿಸಿ. ಜನರಲ್ ಮೋಟರ್ಸ್‌ನಲ್ಲಿ 2019ರ ಮುಷ್ಕರದ ನಂತರ ಪೂರ್ಣಾವಧಿ ತಾತ್ಕಾಲಿಕರಿಗೆ ಮೂರು ವರ್ಷದ ಮೇಲೆ ಕಾಯಂ ದಾರಿ ಸಿಕ್ಕಿತು. 2023ರ ಮುಷ್ಕರದ ನಂತರ ಫೋರ್ಡ್‌ನಲ್ಲಿ ಅದು ಒಂಬತ್ತು ತಿಂಗಳಿಗೆ ಇಳಿಯಿತು. ನಡುವಿನ ನಾಲ್ಕು ವರ್ಷದಲ್ಲಿ ಆದ ಮುಖ್ಯ ಬದಲಾವಣೆಯೆಂದರೆ, ಕಾಯಂ ಸದಸ್ಯರು ತಮ್ಮ ವೇತನದಷ್ಟೇ ಗಟ್ಟಿಯಾಗಿ ಶ್ರೇಣಿಭೇದದ, ಅಂದರೆ ಒಂದೇ ಕೆಲಸಕ್ಕೆ ಬೇರೆ ಬೇರೆ ವೇತನದ, ವಿಷಯವನ್ನು ಮುಂದಿಟ್ಟರು.

ಸ್ಪೇನ್‌ನದು ಇನ್ನೂ ವಿಸ್ತಾರವಾದ ದಾರಿ. 2021ರ ಡಿಸೆಂಬರ್‌ನಲ್ಲಿ ಸಿಸಿಒಒ, ಯುಜಿಟಿ ಸಂಘಗಳೂ ಮಾಲೀಕರ ಒಕ್ಕೂಟಗಳೂ ಸರ್ಕಾರವೂ ಸೇರಿ ಒಪ್ಪಿದ ಸುಧಾರಣೆಯಲ್ಲಿ "ಕೆಲಸ ಅಥವಾ ಸೇವೆ ಮುಗಿಯುವವರೆಗೆ" ಎಂಬ ಒಪ್ಪಂದದ ಬಗೆಯನ್ನೇ ತೆಗೆದುಹಾಕಿದರು. ಉತ್ಪಾದನೆಯ ಏರಿಳಿತಕ್ಕೆ ಆರು ತಿಂಗಳು, ಉದ್ಯಮ ಮಟ್ಟದ ಒಪ್ಪಂದ ಇದ್ದರೆ ಒಂದು ವರ್ಷ. 24 ತಿಂಗಳಲ್ಲಿ 18 ತಿಂಗಳು ದುಡಿದವನು ಕಾಯಂ, ಮತ್ತು ಜಾಗಕ್ಕೂ ಅದೇ ಎಣಿಕೆ. ಕರಡು ತಿದ್ದುವವರು ಹೇಳಿದ ಹುದ್ದೆ ಆಧಾರಿತ ಷರತ್ತು ಇದೇ. ಋತುಮಾನದ ಕೆಲಸಕ್ಕೆ, ಪ್ರತಿ ಋತುವಿಗೂ ಮರಳಿ ಕರೆಯಲೇಬೇಕಾದ ಕಾಯಂ ಒಪ್ಪಂದ ಕೊಟ್ಟರು. ಮೊದಲು ಸುಮಾರು ಕಾಲು ಭಾಗವಿದ್ದ ತಾತ್ಕಾಲಿಕರ ಪಾಲು ಆರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಋತುಮಾನದವರನ್ನೂ ಕಾಯಂ ಎಂದೇ ಎಣಿಸುವುದರಿಂದ ಈ ಇಳಿಕೆಯನ್ನು ಸ್ವಲ್ಪ ಜೋಪಾನವಾಗಿ ಓದಬೇಕು, ಆದರೂ ಅದು ದೊಡ್ಡದೇ.

ಕಾನೂನು ಕಟ್ಟೆ:
ಭಾರತದ ಸಂಘಗಳು ಬೇಡಿಕೆ ಬರೆಯುವಾಗ ಎಡವುವ ಕೆಲವು ಜಾಗಗಳಿವೆ.

240 ದಿನ ತುಂಬಿದರೆ ತಾನಾಗಿ ಕಾಯಂ ಎಂಬ ನಂಬಿಕೆ ತಪ್ಪು. ಹಿಂದಿನ ಕೈಗಾರಿಕಾ ವಿವಾದ ಕಾಯ್ದೆಯ 25ಬಿ ಪ್ರಕಾರ ಅದು ನಿರಂತರ ಸೇವೆಯ ಅಳತೆಯಾಗಿತ್ತು; 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಹಾಗೆಯೇ. ತೆಗೆಯುವಾಗ ನೋಟಿಸ್, ಪರಿಹಾರ ಕೊಡಬೇಕು ಎನ್ನುವುದಕ್ಕೆ ಅದು ಬರುತ್ತದೆ. ಆದರೆ ಬದಲಿ, ಕ್ಯಾಶುವಲ್, ಹಂಗಾಮಿಗಳನ್ನು ಕಾಯಂ ಸವಲತ್ತು ತಪ್ಪಿಸುವ ಉದ್ದೇಶದಿಂದ ವರ್ಷಗಟ್ಟಲೆ ಹಾಗೇ ಇಡುವುದು ಹಳೆಯ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿಯಾಗಿತ್ತು, ಈಗ ಸಂಹಿತೆಯ ಎರಡನೇ ಅನುಸೂಚಿಯಲ್ಲೂ ಹಾಗೆಯೇ ಇದೆ. ಸಂಘ ಹಿಡಿಯಬೇಕಾದ ಎಳೆ ಇದು. ಉದ್ದೇಶವನ್ನು ತೋರಿಸಲು ಬ್ರೇಕ್ ಕೊಟ್ಟ ದಿನಾಂಕಗಳ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಗುತ್ತಿಗೆ ಕಾರ್ಮಿಕರದ್ದು ಬೇರೆ ದಾರಿ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಸರ್ಕಾರ ಒಂದು ಕೆಲಸದಲ್ಲಿ ಗುತ್ತಿಗೆ ನಿಷೇಧಿಸಿದರೆ ಅಲ್ಲಿದ್ದವರು ತಾನಾಗಿ ಮೂಲ ಮಾಲೀಕನ (ಕೆಲಸ ಮಾಡಿಸಿಕೊಳ್ಳುವ ಕಂಪನಿಯ) ನೌಕರರಾಗುತ್ತಾರೆ ಎಂದು 1996ರ ಏರ್ ಇಂಡಿಯಾ ತೀರ್ಪು ಹೇಳಿತ್ತು. 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು. ಆದ್ದರಿಂದ ಗುತ್ತಿಗೆಯ ನಿಷೇಧ ಮಾತ್ರ ಗೆದ್ದರೆ ಜನ ಕೆಲಸ ಕಳೆದುಕೊಳ್ಳುವ ಸಾಧ್ಯತೆಯೂ ಇದೆ. ಉಳಿದಿರುವ ದಾರಿ, ಗುತ್ತಿಗೆ ಬರೀ ಕಾಗದದ ನಾಟಕ ಎಂದು ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಸಾಬೀತು ಮಾಡುವುದು. ನೇಮಿಸಿದವರು ಯಾರು, ಸಂಬಳ ಕೊಡುವವರು ಯಾರು, ರಜೆ ಮಂಜೂರು ಮಾಡುವವರು ಯಾರು, ಶಿಸ್ತು ಕ್ರಮ ಯಾರದು, ದಿನದ ಕೆಲಸ ಯಾರು ಹಂಚುತ್ತಾರೆ ಎಂಬುದನ್ನು ಅಲ್ಲಿ ನೋಡುತ್ತಾರೆ. ಕಂಪನಿಯ ಸೂಪರ್‌ವೈಸರ್ ಕೆಲಸ ತೋರಿಸಿದ ಎಂಬುದೊಂದೇ ಸಾಲದು ಎಂದು ತೀರ್ಪುಗಳು ಹೇಳಿವೆ.

ಈ ಎರಡೂ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಪ್ರಮುಖ ಚಟುವಟಿಕೆಯಲ್ಲಿ ಗುತ್ತಿಗೆ ಕೂಡದು ಎಂಬ ಮಾತು ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿದೆ. ಆದರೆ ಆ ಕೆಲಸ ವಾಡಿಕೆಯಲ್ಲೇ ಗುತ್ತಿಗೆಯಲ್ಲಿ ನಡೆಯುತ್ತಿದ್ದರೆ, ದಿನದ ಹೆಚ್ಚಿನ ಸಮಯ ಪೂರ್ಣಾವಧಿ ಜನ ಬೇಡವಾದರೆ, ಅಥವಾ ಕೆಲಸ ದಿಢೀರ್ ಹೆಚ್ಚಿದರೆ ವಿನಾಯಿತಿ. ಗುತ್ತಿಗೆಯ ನಿಯಮಗಳು ಅನ್ವಯಿಸುವ ಮಿತಿಯೂ 20ರಿಂದ 50 ಜನಕ್ಕೆ ಏರಿದೆ. ಈ ವಿನಾಯಿತಿಗಳ ಅರ್ಥವನ್ನು ನಿಮ್ಮ ಒಪ್ಪಂದದಲ್ಲೇ ಬಿಗಿ ಮಾಡಿಕೊಳ್ಳಬಹುದು. "ದಿಢೀರ್ ಹೆಚ್ಚಳ ಎಂದರೆ ಹಿಂದಿನ 12 ತಿಂಗಳ ಸರಾಸರಿಗಿಂತ ಶೇ 20 ಹೆಚ್ಚು ಆರ್ಡರ್, ಗರಿಷ್ಠ 90 ದಿನ" ಎಂಬಂತೆ.

ಇನ್ನೊಂದು: ನೇರ ಇಬ್ಬರ ನಡುವಿನ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ. ಸರ್ಕಾರದ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರನ್ನೂ ಒಳಗೊಳ್ಳುತ್ತದೆ. ಗುತ್ತಿಗೆಯವರ ದರದ ಬಗ್ಗೆ ಬರೆಯುವಾಗ ಗುತ್ತಿಗೆದಾರರನ್ನೂ ಪಕ್ಷಗಾರರನ್ನಾಗಿ ಮಾಡಿ, ಇಲ್ಲವೇ ಟೆಂಡರಿನಲ್ಲೇ ಆ ದರ ಷರತ್ತಾಗಿರಲಿ ಎಂದು ಕಂಪನಿಯಿಂದ ಬರೆಸಿಕೊಳ್ಳಿ.

ಸಿಬ್ಬಂದಿ ವಿಭಾಗ:
ಟೆಂಡರಿನ ಮಾತು ಬಹಳ ಮುಖ್ಯ. ಅತಿ ಕಡಿಮೆ ದರಕ್ಕೆ ಕೊಡುವ ಪದ್ಧತಿ ಇರುವವರೆಗೂ ಗುತ್ತಿಗೆದಾರ ಪೈಪೋಟಿ ಮಾಡಲು ಉಳಿಯುವುದು ಕಾರ್ಮಿಕನ ಪಾಲು ಮಾತ್ರ. ವೇತನ ಮತ್ತು ಶಾಸನಬದ್ಧ ಪಾವತಿಯನ್ನು ಸ್ಥಿರ ಮೊತ್ತವಾಗಿಟ್ಟು, ಕಮಿಷನ್ ಮೇಲೆ ಮಾತ್ರ ಬಿಡ್ ಕರೆದರೆ ಆ ಕಡಿತ ನಿಲ್ಲುತ್ತದೆ. ಬಿಲ್ ಪಾಸಾಗಲು ಹಿಂದಿನ ತಿಂಗಳ ಬ್ಯಾಂಕ್ ಪಾವತಿ ಪಟ್ಟಿ, ಪಿಎಫ್ ಮತ್ತು ಇಎಸ್‌ಐ ಚಲನ್ ಕಡ್ಡಾಯ ಎಂದಿರಲಿ. ಗುತ್ತಿಗೆದಾರ ವೇತನ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂಬುದು ಹೇಗೂ ಕಾನೂನು, ಆದ್ದರಿಂದ ಕಂಪನಿಯ ಹಣಕಾಸು ವಿಭಾಗಕ್ಕೂ ಇದು ಬೇಕಾದದ್ದೇ. ಸಂಘ ಇದನ್ನು ಕೇಳಿದರೆ ವಿರೋಧ ಕಡಿಮೆ ಬರುತ್ತದೆ.

ನೋಂದಣಿ ಪುಸ್ತಕ:
ಇಷ್ಟೆಲ್ಲ ಷರತ್ತು ಬರೆದರೂ ಮಾಹಿತಿ ಇಲ್ಲದಿದ್ದರೆ ಸಂಘ ಕತ್ತಲಲ್ಲಿ ಕೂತಂತೆ. ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಒಂದು ಪಟ್ಟಿ ಬರಬೇಕು: ವಿಭಾಗ, ಪಾಳಿ, ಜಾಗದ ಸಂಖ್ಯೆ, ಗುತ್ತಿಗೆದಾರ, ಕಾರ್ಮಿಕನ ಗುರುತು ಸಂಖ್ಯೆ, ಮೊದಲ ಬಾರಿ ಒಳಗೆ ಬಂದ ದಿನಾಂಕ, ತಂದ ಕಾರಣ, ದುಡಿದ ಗಂಟೆಗಳು, ವೇತನ ದರ. ಹೆಸರಿನ ಬದಲು ಗುರುತು ಸಂಖ್ಯೆ ಸಾಕು, ಖಾಸಗಿತನದ ನೆಪ ಆಗ ನಿಲ್ಲುವುದಿಲ್ಲ. ಆದರೆ ಆ ಸಂಖ್ಯೆ ಗುತ್ತಿಗೆದಾರ ಬದಲಾದರೂ ಬದಲಾಗಬಾರದು.

ಕಂಪನಿ ಕೊಟ್ಟ ಪಟ್ಟಿಯನ್ನು ಬೇರೆ ದಾಖಲೆಗಳ ಜೊತೆ ತಾಳೆ ನೋಡಿ. ಗೇಟ್ ಪಾಸ್, ಕ್ಯಾಂಟೀನ್ ಊಟದ ಎಣಿಕೆ, ಸುರಕ್ಷತಾ ಶೂ ಮತ್ತು ಹೆಲ್ಮೆಟ್ ವಿತರಣೆಯ ಪುಸ್ತಕ, ಸುರಕ್ಷತಾ ತರಬೇತಿಯ ಸಹಿ ಪಟ್ಟಿ, ಬಸ್ ಸೀಟುಗಳ ಹಂಚಿಕೆ. ಪಟ್ಟಿಯಲ್ಲಿ 80 ಜನ, ಕ್ಯಾಂಟೀನ್‌ನಲ್ಲಿ 130 ಊಟ ಎಂದರೆ ಉಳಿದ 50 ಯಾರು ಎಂದು ಕೇಳಬಹುದು. ತರಬೇತಿ ಪುಸ್ತಕದಲ್ಲಿ ಹೆಸರಿಲ್ಲದವನು ಪ್ರೆಸ್ ಯಂತ್ರದ ಮುಂದೆ ನಿಂತಿದ್ದರೆ ಅದು ತಕ್ಷಣ ಸುರಕ್ಷತಾ ಸಮಿತಿಗೆ ಹೋಗಬೇಕಾದ ವಿಷಯ, ಒಪ್ಪಂದದ ಅವಧಿ ಮುಗಿಯುವವರೆಗೆ ಕಾಯಬೇಡಿ. ಕೈ ಬೆರಳು ಕಳೆದುಕೊಳ್ಳುವವರು ಹೆಚ್ಚಾಗಿ ಹೊಸಬರು.

ಸ್ವೀಡನ್‌ನ 1976ರ ಸಹನಿರ್ಧಾರ ಕಾಯ್ದೆಯಲ್ಲಿ ಕೆಲಸವನ್ನು ಹೊರಗಿನವರಿಗೆ ಕೊಡುವ ಮುಂಚೆಯೇ ಸಂಘದ ಜೊತೆ ಮಾತುಕತೆ ಮಾಡಬೇಕು, ಕಾನೂನು ಅಥವಾ ಒಪ್ಪಂದ ಮುರಿಯುವಂತಿದ್ದರೆ ಕೇಂದ್ರ ಸಂಘ ತಡೆಯೊಡ್ಡಬಹುದು. ಜರ್ಮನಿಯಲ್ಲಿ 20ಕ್ಕಿಂತ ಹೆಚ್ಚು ಮತದಾರ ನೌಕರರಿರುವ ಕಂಪನಿಯಲ್ಲಿ ಪ್ರತಿ ಏಜೆನ್ಸಿ ಕಾರ್ಮಿಕನನ್ನು ತರುವ ಮುಂಚೆ ನೌಕರರು ಆರಿಸಿದ ಕಾರ್ಮಿಕ ಸಮಿತಿಯ ಒಪ್ಪಿಗೆ ಬೇಕು. ನಿರಾಕರಿಸುವುದಾದರೆ ಒಂದು ವಾರದೊಳಗೆ ಕಾರಣ ಬರೆದು ಕೊಡಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಮುಂಚಿತ ನೋಟಿಸ್ ನಿಮ್ಮ ಒಪ್ಪಂದದಲ್ಲೂ ಇರಲಿ, 14 ದಿನ ಸಾಕು.

ಪಾಳಿಮೇಸ್ತ್ರಿ:
ಸದಸ್ಯತ್ವದ ಬಗ್ಗೆ ಯಾರೂ ಹೇಳಲಿಲ್ಲ. ಸಂಘದ ಬೈಲಾದಲ್ಲಿ ತಾತ್ಕಾಲಿಕರಿಗೆ ಸದಸ್ಯತ್ವ ಇಲ್ಲದಿದ್ದರೆ ಮೇಲಿನದ್ದೆಲ್ಲ ಕಾಯಂನವರ ಔದಾರ್ಯದ ಮೇಲೆ ನಿಲ್ಲುತ್ತದೆ. ಕಡಿಮೆ ಚಂದಾ ಇಟ್ಟು ಸೇರಿಸಿಕೊಳ್ಳಿ, ಕಾರ್ಯಕಾರಿ ಸಮಿತಿಯಲ್ಲಿ ಅವರಿಗೇ ಕನಿಷ್ಠ ಒಂದೆರಡು ಸ್ಥಾನ ಕೊಡಿ. ಜರ್ಮನಿಯಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಬಂದ ಏಜೆನ್ಸಿ ಕಾರ್ಮಿಕನಿಗೆ ತಾನು ದುಡಿಯುವ ಕಂಪನಿಯ ಕಾರ್ಮಿಕ ಸಮಿತಿ ಚುನಾವಣೆಯಲ್ಲಿ ಮತವಿದೆ. ಮತ ಇದ್ದ ಕಡೆ ಪದಾಧಿಕಾರಿಗಳ ಗಮನವೂ ಇರುತ್ತದೆ.

ಛತ್ತೀಸಗಢದ ದಲ್ಲಿ ರಾಜಹರಾ ಗಣಿಗಳಲ್ಲಿ 1977ರಲ್ಲಿ ಗುತ್ತಿಗೆ ಕಾರ್ಮಿಕರೇ ಕಾರ್ಮಿಕ ನಾಯಕ ಶಂಕರ್ ಗುಹಾ ನಿಯೋಗಿ ಅವರ ಜೊತೆ ಬೇರೆ ಸಂಘ ಕಟ್ಟಿಕೊಂಡರು. ಇದ್ದ ಸಂಘಗಳಲ್ಲಿ ತಮ್ಮ ಮಾತಿಗೆ ಜಾಗ ಸಿಗದೆ ಹೋದದ್ದು ಅದರ ಹಿಂದಿನ ಕಾರಣ. ಒಂದೇ ಗೇಟಿನಲ್ಲಿ ಎರಡು ಸಂಘ ಆದರೆ ಕಂಪನಿ ಒಂದನ್ನು ಇನ್ನೊಂದರ ಮೇಲೆ ನಿಲ್ಲಿಸುವುದು ಸುಲಭ.

ಬೇಡಿಕೆಪಟ್ಟಿ:
ಎಲ್ಲರಿಗೂ ಧನ್ಯವಾದ. ಮಾತುಕತೆಯಲ್ಲಿ ಎರಡೇ ಷರತ್ತು ಸಿಗುವ ಪರಿಸ್ಥಿತಿ ಬಂದರೆ ಯಾವೆರಡು ಹಿಡಿಯಬೇಕು?

ಲೆಕ್ಕದ ಪುಸ್ತಕ:
ಮಾಸಿಕ ಮಾಹಿತಿ ಮತ್ತು ಸಮಾನ ದರ. ಶೇಕಡಾ ಮಿತಿಯನ್ನು ಬಿಡಬೇಕಾಗಿ ಬಂದರೂ ಪರವಾಗಿಲ್ಲ.

ಕರಡು ತಿದ್ದುವವರು:
ಸಮಾನ ದರ ಎಂದಷ್ಟೇ ಬರೆಯಬೇಡಿ. ಯಾವ ದರ್ಜೆಗೆ ಸಮ ಎಂದು ಹೇಳದಿದ್ದರೆ ಎಲ್ಲರನ್ನೂ ಅತಿ ಕೆಳಗಿನ "ಸಹಾಯಕ" ದರ್ಜೆಗೆ ಹಾಕಿ ಸಮಾನ ವೇತನ ಕೊಟ್ಟೆವೆನ್ನುತ್ತಾರೆ. ಜಾಗದ ಸಂಖ್ಯೆಗೆ ದರ್ಜೆ ನಿಗದಿ ಮಾಡಿ. ಆ ಜಾಗದಲ್ಲಿ ಯಾರು ನಿಂತರೂ ಅದೇ ದರ್ಜೆ. ಮೂಲವೇತನದ ಜೊತೆ ಪಾಳಿ ಭತ್ಯೆ, ಉತ್ಪಾದನಾ ಪ್ರೋತ್ಸಾಹಧನ, ಓಟಿ ದರವೂ ಸೇರಿದೆ ಎಂದು ಬಿಡಿಸಿ ಬರೆಯಿರಿ. ವಾರ್ಷಿಕ ಬೋನಸ್ ಬಿಟ್ಟುಕೊಡಲೇಬೇಕಾದರೆ ಅದರ ಬದಲು ಗಂಟೆ ದರಕ್ಕೆ ನಿಗದಿತ ಶೇಕಡಾ ಸೇರಿಸಿ.

ಉಲ್ಲಂಘನೆಗೆ ಪರಿಹಾರವನ್ನೂ ಅಲ್ಲೇ ಬರೆಯಿರಿ. ಸಂಘಕ್ಕೆ ದಂಡ ಕಟ್ಟುವುದು ಬೇಡ, ವ್ಯತ್ಯಾಸದ ಹಣ ನೇರವಾಗಿ ಆ ಕಾರ್ಮಿಕನ ಖಾತೆಗೆ, ಅವನು ಕೆಲಸ ಬಿಟ್ಟು ಹೋಗಿದ್ದರೂ ಸಹ. ದೂರು ಬಂದ 15 ದಿನದಲ್ಲಿ ಜಂಟಿ ಸಮಿತಿ, ಅಲ್ಲಿ ತೀರದಿದ್ದರೆ 30 ದಿನದಲ್ಲಿ ಮೊದಲೇ ಹೆಸರಿಸಿಟ್ಟ ಮಧ್ಯಸ್ಥಗಾರ. ದೂರು ವಿಚಾರಣೆಯಲ್ಲಿ ಇರುವಾಗ ದೂರಿತ್ತವನನ್ನು ಬದಲಿಸಬಾರದು.

ಕಾನೂನು ಕಟ್ಟೆ:
ಕೊನೆಯ ಪುಟದಲ್ಲಿ ಇನ್ನೊಂದು ಸಾಲು: ಒಪ್ಪಂದದ ಅವಧಿ ಮುಗಿದ ಮೇಲೂ ಹೊಸದಕ್ಕೆ ಸಹಿ ಆಗುವವರೆಗೆ ಈ ಷರತ್ತುಗಳೆಲ್ಲ ಮುಂದುವರಿಯುತ್ತವೆ, ಹಾಗೂ ಆ ಅವಧಿಯಲ್ಲಿ ದುಡಿದ ತಿಂಗಳುಗಳೂ ಕಾಯಂ ಎಣಿಕೆಗೆ ಸೇರುತ್ತವೆ. ಭಾರತದಲ್ಲಿ ಕಾನೂನೇ ನೋಟಿಸ್ ಕೊಟ್ಟು ಮುಗಿಸುವವರೆಗೆ ಹಳೆಯ ಒಪ್ಪಂದವನ್ನು ಉಳಿಸುತ್ತದೆ. ಆದರೂ ಎಣಿಕೆಯ ವಿಷಯ ಬರೆದಿಲ್ಲದಿದ್ದರೆ, ಮಾತುಕತೆ ಎಳೆದ ಎಂಟು ಹತ್ತು ತಿಂಗಳು ಲೆಕ್ಕಕ್ಕೇ ಬರುವುದಿಲ್ಲ ಎಂಬ ವಾದ ಬರುತ್ತದೆ, ಮತ್ತು ತಾತ್ಕಾಲಿಕರ ಸಂಖ್ಯೆ ಅತಿ ಹೆಚ್ಚು ಏರುವುದು ಆ ತಿಂಗಳುಗಳಲ್ಲೇ.